ದಡದಿಂದಲೇ ಹವಳದ ಕಡಲಿಗೆ: ಬಾಲಿ, ಗಿಲಿ ದ್ವೀಪಗಳಲ್ಲಿ ಕಡಿಮೆ ಖರ್ಚಿನ ಸ್ನಾರ್ಕೆಲಿಂಗ್

ಸ್ನಾರ್ಕೆಲಿಂಗ್‌ಗೆ ಬೇಕಾಗುವುದು ಮೂರೇ ಸಾಮಾನು: ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್, ಬಾಯಲ್ಲಿ ಕಚ್ಚಿ ಹಿಡಿಯುವ ಉಸಿರಾಟದ ಕೊಳವೆ, ಕಾಲಿಗೆ ತೊಡುವ ರಬ್ಬರಿನ ಫಿನ್. ಸ್ಕೂಬಾದಂತೆ ಬೆನ್ನಿಗೆ ಗಾಳಿಯ ಸಿಲಿಂಡರ್ ಇರುವುದಿಲ್ಲ, ದಿನಗಟ್ಟಲೆ ತರಬೇತಿ ಬೇಡ, ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ. ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನದನ್ನು ನೋಡುವುದಷ್ಟೇ ಕೆಲಸ. ಹಾಗಾಗಿ ಇದರ ಖರ್ಚು ನಿಂತಿರುವುದು ಸಲಕರಣೆಯ ಮೇಲಲ್ಲ, ಹವಳದ ದಿಬ್ಬ ದಡದಿಂದ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ. ದೂರವಿದ್ದರೆ ದೋಣಿ ಬೇಕು, ಡೀಸೆಲ್ ಬೇಕು, ದೋಣಿ ನಡೆಸುವವರು ಬೇಕು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿಬಂದವರಿಗೆ ಈ ಲೆಕ್ಕ ಹೊಸದಲ್ಲ. ಇಂಡೊನೇಷ್ಯಾದ ಬಾಲಿ ದ್ವೀಪದ ಈಶಾನ್ಯ ಕರಾವಳಿಯಲ್ಲಿ ಮತ್ತು ಅದರಾಚೆ ಲೊಂಬೊಕ್ ಪಕ್ಕದ ಮೂರು ಗಿಲಿ ದ್ವೀಪಗಳಲ್ಲಿ ಹವಳ ಎಷ್ಟೋ ಕಡೆ ದಡದಿಂದ ಹತ್ತಿಪ್ಪತ್ತು ಮಾರು ದೂರದಲ್ಲೇ ಶುರುವಾಗುತ್ತದೆ. ನಾಲ್ಕೈದು ಗೆಳೆಯರು ಕೂಡಿ, ಕೋಣೆ ಮತ್ತು ವಾಹನದ ಖರ್ಚು ಹಂಚಿಕೊಂಡು, ಊರವರು ಉಣ್ಣುವಲ್ಲೇ ಉಂಡರೆ ಇಂಥ ಪ್ರವಾಸ ಸಾಧಾರಣ ಸಂಬಳದವರ ಕೈಗೂ ಎಟುಕುತ್ತದೆ.

ಇಷ್ಟು ಹತ್ತಿರದಲ್ಲಿ ಇಷ್ಟು ಜೀವರಾಶಿ ಇರುವುದಕ್ಕೆ ಕಾರಣ ಭೂಗೋಳದಲ್ಲಿದೆ. ಇಂಡೊನೇಷ್ಯಾ 17,000ಕ್ಕೂ ಹೆಚ್ಚು ದ್ವೀಪಗಳ ದೇಶ. ಅದೂ ಮಲೇಷ್ಯಾ, ಫಿಲಿಪ್ಪೀನ್ಸ್, ಪಪುವಾ ನ್ಯೂಗಿನಿ, ಟಿಮೋರ್ ಲೆಸ್ತೆ, ಸಾಲೊಮನ್ ದ್ವೀಪಗಳೂ ಸೇರಿದ ಕಡಲ ಪ್ರದೇಶವನ್ನು ವಿಜ್ಞಾನಿಗಳು ಹವಳ ತ್ರಿಕೋನ ಎನ್ನುತ್ತಾರೆ. ದಿಬ್ಬ ಕಟ್ಟುವ ಹವಳಗಳ ಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಲ್ಲಿವೆ; ಜಗತ್ತಿನ ಏಳು ಜಾತಿಯ ಕಡಲಾಮೆಗಳಲ್ಲಿ ಆರು ಇಲ್ಲಿ ಕಾಣಸಿಗುತ್ತವೆ. ಬಾಲಿ ಮತ್ತು ಲೊಂಬೊಕ್ ನಡುವಿನ ಜಲಸಂಧಿಯ ಮೂಲಕ ಪೆಸಿಫಿಕ್ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ಹರಿಯುತ್ತಲೇ ಇರುತ್ತದೆ. ಈ ಹರಿವು ಮೀನಿನ ಮರಿಗಳನ್ನೂ ಅವುಗಳ ಆಹಾರವನ್ನೂ ಹೊತ್ತು ತರುತ್ತದೆ. ಇದೇ ಜಲಸಂಧಿಯನ್ನು 1856ರಲ್ಲಿ ದಾಟಿದ ಬ್ರಿಟಿಷ್ ಪ್ರಕೃತಿವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್, ಬಾಲಿಯಲ್ಲಿ ಏಷ್ಯಾದ ಹಕ್ಕಿಗಳೂ ಲೊಂಬೊಕ್‌ನಲ್ಲಿ ಆಸ್ಟ್ರೇಲಿಯಾ ಕಡೆಯ ಕಾಕಟೂಗಳೂ ಇರುವುದನ್ನು ಗಮನಿಸಿದ. ವಾಲೇಸ್ ರೇಖೆ ಎಂದು ಮುಂದೆ ಹೆಸರಾದ ಗಡಿ ಹಾದುಹೋಗುವುದು ಇಲ್ಲಿಯೇ. ಜಲಸಂಧಿ ಬಹಳ ಆಳವಾದ್ದರಿಂದ ಹಿಮಯುಗದಲ್ಲಿ ಸಮುದ್ರ ತಗ್ಗಿದಾಗಲೂ ಇಲ್ಲಿ ನೆಲದ ಸೇತುವೆ ಮೂಡಲಿಲ್ಲ, ಹೆಚ್ಚಿನ ಪ್ರಾಣಿಗಳು ದಾಟಲಿಲ್ಲ. ಈಜುವವರು ಈ ಚರಿತ್ರೆಯಿಂದ ನೆನಪಿಡಬೇಕಾದ್ದು ಒಂದು: ಇಲ್ಲಿನ ನೀರು ಸುಮ್ಮನೆ ನಿಲ್ಲುವುದಿಲ್ಲ. ಸೆಳವು ಎಲ್ಲ ಕಡೆ ಇದೆ.

ಮೊದಲ ನಿಲ್ದಾಣವಾಗಿ ಅಮೆದ್ ಒಳ್ಳೆಯದು. ಬಾಲಿಯ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಅಮೆದ್ ಎಂಬುದು ಒಂದೇ ಊರಲ್ಲ, ಅಗುಂಗ್ ಜ್ವಾಲಾಮುಖಿಯ ಬುಡದಲ್ಲಿ ಕಡಲಂಚಿಗೆ ಸಾಲಾಗಿ ಹರಡಿರುವ ಹಲವು ಮೀನುಗಾರರ ಹಳ್ಳಿಗಳು. ಬಾಲಿಯ ದಕ್ಷಿಣದಂತೆ ಇಲ್ಲಿ ಭತ್ತದ ಹಸಿರು ಮೆಟ್ಟಿಲುಗಳು ಕಡಿಮೆ, ಮಳೆಯೂ ಕಡಿಮೆ. ಕಡಲ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಹಳೆಯ ಕಸುಬು ಈಗಲೂ ಉಳಿದಿದೆ. ಎರಡೂ ಪಕ್ಕಕ್ಕೆ ಬಿದಿರಿನ ತೇಲುಕೈ ಚಾಚಿದ ಜುಕುಂಗ್ ಎಂಬ ಕಿರುದೋಣಿಗಳು ಬೆಳಗಿನ ಜಾವ ಮೀನಿಗೆ ಹೋಗಿ ಬಿಸಿಲೇರುವ ಮುಂಚೆ ಮರಳುತ್ತವೆ. ಆಮೇಲೆ ಅದೇ ದೋಣಿಗಳು ಪ್ರವಾಸಿಗರನ್ನು ಕರೆದೊಯ್ಯುತ್ತವೆ. ಜೆಮೆಲುಕ್ ಕೊಲ್ಲಿಯಲ್ಲಂತೂ ದೋಣಿಯೂ ಬೇಡ. ಕಪ್ಪು ಮರಳಿನ ದಡದಲ್ಲಿ ಮಾಸ್ಕ್ ತೊಟ್ಟು ನೀರಿಗಿಳಿದರೆ ನಾಲ್ಕೈದು ನಿಮಿಷದಲ್ಲಿ ಹವಳದ ಮೇಲಿರಬಹುದು. ತೆಂಕಣಕ್ಕೆ ಬನ್ಯುನಿಂಗ್ ಹಳ್ಳಿಯ ಎದುರು ಒಂದು ಸಣ್ಣ ಜಪಾನಿ ಹಡಗು ಮುಳುಗಿ ಬಿದ್ದಿದೆ. ಅದರ ಮೇಲ್ಭಾಗ ನೀರಿನ ಮಟ್ಟಕ್ಕೆ ತೀರ ಹತ್ತಿರವಿರುವುದರಿಂದ ಹೊಸಬರಿಗೂ ಚೆನ್ನಾಗಿ ಕಾಣುತ್ತದೆ.

ಆದರೆ ಈ ಕರಾವಳಿಗೆ ಹೆಸರು ತಂದದ್ದು ಅಮೆದ್‌ನಿಂದ ಸ್ಕೂಟರಿನಲ್ಲಿ ಅರ್ಧ ಗಂಟೆಯೊಳಗೆ ಸೇರಬಹುದಾದ ತುಲಂಬೆನ್. ಇಲ್ಲಿ ಮಲಗಿರುವ ಲಿಬರ್ಟಿ ಎಂಬ ಅಮೆರಿಕದ ಸರಕು ಹಡಗು 1918ರಲ್ಲಿ ಕಟ್ಟಿದ್ದು, ಸುಮಾರು 120 ಮೀಟರ್ ಉದ್ದ. ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದಿಂದ ಫಿಲಿಪ್ಪೀನ್ಸಿಗೆ ಸರಕು ಒಯ್ಯುತ್ತಿದ್ದಾಗ, 1942ರ ಜನವರಿ 11ರಂದು, ಲೊಂಬೊಕ್ ಜಲಸಂಧಿಯ ಬಳಿ ಜಪಾನಿ ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. ಎರಡು ಯುದ್ಧನೌಕೆಗಳು ಅದನ್ನು ಬಾಲಿಯ ಉತ್ತರದ ಸಿಂಗರಾಜ ಬಂದರಿಗೆ ಎಳೆದೊಯ್ಯಲು ನೋಡಿದವು. ಒಳಗೆ ನೀರು ತುಂಬುತ್ತ ಬಂದದ್ದರಿಂದ ತುಲಂಬೆನ್‌ನ ದಡಕ್ಕೆ ತಂದು ನಿಲ್ಲಿಸಬೇಕಾಯಿತು. ಇಪ್ಪತ್ತೊಂದು ವರ್ಷ ಹಡಗು ದಡದ ಮೇಲೇ ಇತ್ತು. 1963ರಲ್ಲಿ ಅಗುಂಗ್ ಸಿಡಿದಾಗ ನೆಲ ಅದುರಿ ಅದು ಕಡಲಿಗೆ ಜಾರಿತು. ಈಗ ದಡದಿಂದ ಕೆಲವೇ ಹತ್ತು ಮೀಟರ್ ದೂರದಲ್ಲಿ, ಇಳಿಜಾರಿನ ಮೇಲೆ ಪಕ್ಕಕ್ಕೆ ವಾಲಿ ಮಲಗಿದೆ. ಅದರ ಮೇಲಂಚು ನೀರಿನಿಂದ ಸುಮಾರು ಐದು ಮೀಟರ್ ಕೆಳಗೆ, ಅಡಿಭಾಗ ಮೂವತ್ತು ಮೀಟರ್ ಆಳದಲ್ಲಿದೆ.

ಸ್ಕೂಬಾದವರು ಒಳಹೊಕ್ಕು ನೋಡುತ್ತಾರೆ ನಿಜ. ಮೇಲೆ ತೇಲುವವರಿಗೆ ದಕ್ಕುವುದೂ ಕಡಿಮೆಯದಲ್ಲ. ಉಕ್ಕಿನ ಪಕ್ಕೆಗಳ ಮೇಲೆ ಬೀಸಣಿಗೆಯಂಥ ಹವಳಗಳು ಬೆಳೆದಿವೆ, ಕಂಡಿಗಳಿಂದ ಮೀನುಗಳು ಹೊರಬಂದು ಮತ್ತೆ ಒಳಸೇರುತ್ತವೆ. ಬೆಳ್ಳಿಬಣ್ಣದ ಟ್ರೆವಲಿ ಮೀನುಗಳ ದೊಡ್ಡ ಹಿಂಡು ಹಡಗಿನ ಮೇಲೆ ನಿಧಾನವಾಗಿ ಸುತ್ತುತ್ತಿರುತ್ತದೆ. ಇಲ್ಲಿಗೆ ಬೆಳಿಗ್ಗೆ ಏಳರೊಳಗೆ ಇಳಿಯಬೇಕು. ಒಂಬತ್ತರ ಹೊತ್ತಿಗೆ ದಕ್ಷಿಣ ಬಾಲಿಯಿಂದ ವ್ಯಾನ್‌ಗಟ್ಟಲೆ ಜನ ಬರುತ್ತಾರೆ, ನೀರೆಲ್ಲ ಗಾಳಿಗುಳ್ಳೆ. ದಡದಲ್ಲಿ ಮರಳಿಲ್ಲ, ನುಣುಪಾದ ಕಪ್ಪು ಉಂಡೆಗಲ್ಲುಗಳು. ಅಲೆ ಹಿಂದೆ ಸರಿಯುವಾಗ ಅವು ಪಾದದಡಿ ಉರುಳುತ್ತವೆ. ಈ ಕಲ್ಲುಗಳ ಮೇಲೆ ಊರಿನ ಹೆಂಗಸರು ತಲೆಯ ಮೇಲೆ ಸ್ಕೂಬಾ ಸಿಲಿಂಡರ್ ಹೊತ್ತು, ಕೈಬಿಟ್ಟು ನಡೆಯುತ್ತಾರೆ. ಪ್ರವಾಸಿಗರ ದುಡ್ಡು ನೇರವಾಗಿ ಊರಿನ ಮನೆಗಳಿಗೆ ಸೇರುವ ಬಗೆ ಇದು. ಚೌಕಾಶಿ ಮಾಡಲು ಬೇರೆ ಜಾಗಗಳು ಬೇಕಾದಷ್ಟಿವೆ, ಇವರ ಕೂಲಿಯಲ್ಲಿ ಅದು ಬೇಡ.

ಹೊಸಬರು ಮೊದಲು ಕಲಿಯಬೇಕಾದ್ದು ಮಾಸ್ಕಿನ ಆಯ್ಕೆ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೊತ್ತಿ ಮೂಗಿನಿಂದ ಮೆಲ್ಲಗೆ ಉಸಿರೆಳೆದಾಗ ಅದು ಬೀಳದೆ ಅಂಟಿಕೊಂಡು ನಿಂತರೆ ಸರಿಯಾದ ಅಳತೆ. ಬಾಡಿಗೆ ಮಾಸ್ಕ್ ದಿನಕ್ಕೆ ಸುಮಾರು 50,000 ರುಪಿಯಾಕ್ಕೆ ಸಿಗುತ್ತದೆ. ಪದೇ ಪದೇ ಕಡಲಿಗೆ ಹೋಗುವವರು ಸ್ವಂತದ್ದೊಂದು ಕೊಳ್ಳುವುದೇ ಲೇಸು, ಏಕೆಂದರೆ ಸೋರುವ ಮಾಸ್ಕ್ ಇಡೀ ದಿನವನ್ನು ಹಾಳುಮಾಡುತ್ತದೆ. ಗಾಜು ಮಂಜಾಗದಂತೆ ಒಳಬದಿಗೆ ಒಂದು ಹನಿ ಬೇಬಿ ಶ್ಯಾಂಪೂ ಸವರಿ ತೊಳೆಯುವುದು ರೂಢಿ. ಕೊಳವೆ ಗಿಡ್ಡವಾಗಿರುವುದಕ್ಕೂ ಕಾರಣವಿದೆ. ಉದ್ದ ಹೆಚ್ಚಿದಷ್ಟೂ ಹೊರಬಿಟ್ಟ ಉಸಿರು ಕೊಳವೆಯಲ್ಲೇ ಉಳಿದು ಮತ್ತೆ ಒಳಬರುತ್ತದೆ. ಆಳಕ್ಕಿಳಿದಂತೆ ನೀರಿನ ಒತ್ತಡಕ್ಕೆ ಎದೆ ಹಿಗ್ಗುವುದೂ ಕಷ್ಟ. ಆದ್ದರಿಂದ ಅವಸರವಿಲ್ಲದ ದೀರ್ಘ ಉಸಿರಾಟವೇ ಇಡೀ ವಿದ್ಯೆ. ಈಜು ಬಾರದವರು ಲೈಫ್ ಜಾಕೆಟ್ ತೊಟ್ಟು, ಈಜು ಬಲ್ಲ ಗೆಳೆಯರ ಜೊತೆ ಆಳವಿಲ್ಲದ ಕಡೆ ತೇಲಬಹುದು. ಇಬ್ಬಿಬ್ಬರು ಜೋಡಿಯಾಗಿ ಇಳಿದು, ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುವುದು ಎಲ್ಲರಿಗೂ ಕಡ್ಡಾಯವಾಗಬೇಕು. ಬೆನ್ನಿಗೆ ಬಿಸಿಲು ಬಡಿಯುವುದು ನೀರಿನ ತಂಪಿನಲ್ಲಿ ತಿಳಿಯುವುದೇ ಇಲ್ಲ. ತುಂಬುತೋಳಿನ ಈಜುಡುಗೆ ಇದ್ದರೆ ಸನ್‌ಸ್ಕ್ರೀನ್ ಬಳಕೆಯೂ ತಗ್ಗುತ್ತದೆ.

ನೀರಿನಡಿ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಕಿವಿಗೊಟ್ಟರೆ ಕರಕರ ಎಂಬ ಸದ್ದೂ ಕೇಳುತ್ತದೆ. ಅದು ಗಿಳಿಮೀನು ಗಟ್ಟಿ ಕೊಕ್ಕಿನಿಂದ ಹವಳವನ್ನು ಕೆರೆದು, ಅದರ ಮೇಲಿನ ಪಾಚಿಯನ್ನು ತಿನ್ನುವ ಸದ್ದು. ನುಂಗಿದ ಸುಣ್ಣವನ್ನು ಅದು ಪುಡಿಮಾಡಿ ಹೊರಹಾಕುತ್ತದೆ. ಉಷ್ಣವಲಯದ ಎಷ್ಟೋ ಬಿಳಿ ಕಡಲತೀರಗಳ ಮರಳು ಹೀಗೆ ಹುಟ್ಟಿದ್ದು. ಕಡಲ ಅನಿಮೊನಿಯ ಮೃದು ಬಳ್ಳಿಗಳ ನಡುವೆ ಕ್ಲೌನ್ ಮೀನು ಮನೆ ಮಾಡಿರುತ್ತದೆ, ತನಗಿಂತ ಎಷ್ಟೋ ಪಟ್ಟು ದೊಡ್ಡ ಮನುಷ್ಯನ ಮೇಲೂ ಏರಿಬರುತ್ತದೆ. ಅದರಿಂದ ಅಪಾಯವಿಲ್ಲ. ಎಚ್ಚರ ಬೇಕಾದ್ದು ಟೈಟನ್ ಟ್ರಿಗರ್ ಮೀನಿನ ಬಗ್ಗೆ. ಅರ್ಧ ಮೀಟರ್‌ಗೂ ಹೆಚ್ಚು ಉದ್ದ ಬೆಳೆಯುವ, ಬಲವಾದ ಹಲ್ಲಿನ ಈ ಮೀನು ಮೊಟ್ಟೆಯಿಟ್ಟ ಕಾಲದಲ್ಲಿ ಗೂಡಿನ ಹತ್ತಿರ ಬಂದವರನ್ನು ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಅದು ಕಾಯುವ ಸ್ಥಳ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತ ಹೋಗುತ್ತದೆ. ಹೀಗಾಗಿ ಮೇಲಕ್ಕೇರಿ ತಪ್ಪಿಸಿಕೊಳ್ಳಲಾಗದು, ಅಡ್ಡಕ್ಕೆ ಈಜಿ ದೂರ ಸರಿಯಬೇಕು. ಉದ್ದನೆಯ ಕಪ್ಪು ಮುಳ್ಳಿನ ಸೀ ಅರ್ಚಿನ್, ಕಲ್ಲಿನಂತೆಯೇ ಕಾಣುವ ವಿಷದ ಸ್ಟೋನ್ ಮೀನು ಕೂಡ ಇವೆ. ಹವಳದ ಮೇಲೆ ಕಾಲೂರದಿರುವುದು ಹವಳಕ್ಕೂ ಕಾಲಿಗೂ ಒಳ್ಳೆಯದು.

ಅಮೆದ್‌ನಿಂದ ಗಿಲಿ ದ್ವೀಪಗಳಿಗೆ ವೇಗದ ದೋಣಿಗಳು ಹೊರಡುತ್ತವೆ, ಸುಮಾರು ಒಂದು ಗಂಟೆಯ ಪಯಣ. ಸಮಯವಿದ್ದು ದುಡ್ಡು ಉಳಿಸಬೇಕೆಂದರೆ ಇನ್ನೊಂದು ದಾರಿಯಿದೆ. ಬಾಲಿಯ ಪಡಂಗ್‌ಬಾಯ್ ಬಂದರಿನಿಂದ ಲೊಂಬೊಕ್‌ನ ಲೆಂಬಾರ್‌ಗೆ ಲಾರಿ, ಬಸ್ಸು, ಜನ ಎಲ್ಲವನ್ನೂ ಒಯ್ಯುವ ಫೆರ‍್ರಿ ಹಗಲುರಾತ್ರಿ ಓಡುತ್ತದೆ. ನಾಲ್ಕೈದು ಗಂಟೆ ಹಿಡಿಯುತ್ತದೆ, ಟಿಕೆಟ್ ದರ ವೇಗದ ದೋಣಿಯದರ ಒಂದು ಸಣ್ಣ ಪಾಲಷ್ಟೇ. ಲೆಂಬಾರ್‌ನಿಂದ ಬಂಗ್ಸಾಲ್ ಬಂದರಿಗೆ ಕಾರು ಮಾಡಿಕೊಂಡು ಹೋಗಿ, ಅಲ್ಲಿ ಊರವರೇ ಬಳಸುವ ಸಾರ್ವಜನಿಕ ದೋಣಿ ಹತ್ತಬೇಕು. ಜನ ತುಂಬಿದಾಗ ಹೊರಡುವ ಈ ದೋಣಿಗಳಲ್ಲಿ ಮೊಟ್ಟೆಯ ಟ್ರೇ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್‌ಗಳೂ ಪ್ರಯಾಣಿಕರ ಜೊತೆಗೇ ಬರುತ್ತವೆ. ಟಿಕೆಟನ್ನು ಬಂದರಿನ ಕೌಂಟರಿನಲ್ಲೇ ಕೊಳ್ಳಬೇಕು, ದಾರಿಯಲ್ಲಿ ಅಡ್ಡಗಟ್ಟುವ ದಲ್ಲಾಳಿಗಳಿಂದಲ್ಲ. ಸಂಜೆಯಾದ ಮೇಲೆ ಈ ದೋಣಿಗಳಿಲ್ಲ.

ತ್ರಾವಂಗನ್, ಮೆನೊ, ಆಯಿರ್ ಎಂಬ ಮೂರು ಗಿಲಿಗಳಲ್ಲಿ ಮೊದಲನೆಯದು ದೊಡ್ಡದು, ಗದ್ದಲದ್ದು. ನಡುವಿನ ಮೆನೊ ಎಲ್ಲಕ್ಕಿಂತ ಚಿಕ್ಕದು, ಶಾಂತ. ಲೊಂಬೊಕ್‌ಗೆ ಹತ್ತಿರದ ಆಯಿರ್ ಎರಡರ ನಡುವಿನ ಹದ. ಗೆಳೆಯರ ಗುಂಪಿಗೆ ಆಯಿರ್ ಹೆಚ್ಚು ಹೊಂದುತ್ತದೆ. ಮೂರರಲ್ಲೂ ಪೆಟ್ರೋಲ್ ವಾಹನಗಳಿಗೆ ಜಾಗವಿಲ್ಲ. ನಡಿಗೆ, ಸೈಕಲ್ಲು ಅಥವಾ ಚಿದೋಮೊ ಎಂಬ ಕುದುರೆಗಾಡಿ. 2018ರ ಆಗಸ್ಟ್‌ನಲ್ಲಿ ಲೊಂಬೊಕ್ ಭೂಕಂಪದಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಗಿಲಿಗಳಿಂದ ಸಾವಿರಾರು ಜನರನ್ನು ದೋಣಿಗಳಲ್ಲಿ ತೆರವು ಮಾಡಬೇಕಾಯಿತು. ಈ ದ್ವೀಪಗಳು ಮತ್ತೆ ಎದ್ದು ನಿಂತದ್ದು ಬಹುಪಾಲು ಪ್ರವಾಸಿಗರು ಮರಳಿದ್ದರಿಂದ.

ಇಲ್ಲಿನ ಅಗ್ಗದ ವ್ಯವಸ್ಥೆ ಎಂದರೆ ಬಿಡಿ ಸೀಟಿನ ದೋಣಿ. ಬೆಳಿಗ್ಗೆ ಹತ್ತರ ಸುಮಾರಿಗೆ ಗಾಜಿನ ತಳದ ದೋಣಿಗಳು ಹೊರಟು ಮೂರೂ ದ್ವೀಪಗಳ ಸುತ್ತ ಕೆಲವು ಕಡೆ ನಿಲ್ಲುತ್ತವೆ, ಮಧ್ಯಾಹ್ನ ಊಟಕ್ಕೆ ಒಂದು ದ್ವೀಪದಲ್ಲಿ ಇಳಿಸುತ್ತವೆ. ತಲೆಗೆ 1,00,000ದಿಂದ 2,00,000 ರುಪಿಯಾ. ಐದಾರು ಜನರಿದ್ದರೆ ಇಡೀ ದೋಣಿಯನ್ನೇ ಗೊತ್ತುಮಾಡಿಕೊಂಡು, ಎಲ್ಲರಿಗಿಂತ ಮುಂಚೆ ಹೊರಡುವುದು ವಾಸಿ. ಖರ್ಚು ಸ್ವಲ್ಪ ಹೆಚ್ಚಾದರೂ ಜನಜಂಗುಳಿಯಿಲ್ಲದ ನೀರು ಸಿಗುತ್ತದೆ. ಮೆನೊ ಪಕ್ಕದ ಕಡಲಹುಲ್ಲಿನ ಹಾಸಿನ ಮೇಲೆ ಹಸಿರು ಕಡಲಾಮೆಗಳು ಮೇಯುತ್ತಿರುತ್ತವೆ. ಉಸಿರಿಗಾಗಿ ಅವು ಮೇಲೆ ಬರುವ ದಾರಿಗೆ ಅಡ್ಡ ನಿಲ್ಲಬಾರದು, ಮುಟ್ಟಲೇಬಾರದು. ಅಲ್ಲಿಯೇ ಬ್ರಿಟಿಷ್ ಶಿಲ್ಪಿ ಜೇಸನ್ ಡಿಕೇರಸ್ ಟೇಲರ್ 2017ರಲ್ಲಿ ನೀರಿನಡಿ ಇಳಿಸಿದ 48 ಮನುಷ್ಯಾಕೃತಿಗಳ ವೃತ್ತವಿದೆ. ಹವಳ ಬೆಳೆಯಲೆಂದೇ ಮಾಡಿದ ಕಾಂಕ್ರೀಟಿನ ಈ ಮೈಗಳ ಮೇಲೆ ಈಗ ಜೀವರಾಶಿ ಹಬ್ಬಿದೆ. ದ್ವೀಪದಿಂದ ದ್ವೀಪಕ್ಕೆ ಈಜಿಯೇ ದಾಟುವ ಹುಮ್ಮಸ್ಸು ಕೆಲವರಿಗೆ ಬರುತ್ತದೆ. ನೋಡಲು ಹತ್ತಿರವೆನಿಸುವ ಆ ಕಾಲುವೆಗಳಲ್ಲಿ ಸೆಳವು ಬಲು ಜೋರು, ಮೇಲೆ ದೋಣಿಗಳ ಓಡಾಟ ಬೇರೆ. ಯಾರೂ ಆ ಸಾಹಸಕ್ಕೆ ಇಳಿಯಬಾರದು.

ಈ ದಿಬ್ಬಗಳು ಹಿಂದೆ ಸಿಡಿಮದ್ದಿನ ಮೀನುಗಾರಿಕೆಯಿಂದಲೂ ದೋಣಿಗಳ ಲಂಗರಿನಿಂದಲೂ ನಲುಗಿವೆ. ಹವಳಕ್ಕೆ ಬಣ್ಣವನ್ನೂ ಆಹಾರವನ್ನೂ ಕೊಡುವುದು ಅದರ ಮೈಯೊಳಗಿನ ಸೂಕ್ಷ್ಮ ಪಾಚಿ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ಇಂಥ ಬಿಳಿಚುವಿಕೆ ನಡೆದಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ಗಿಲಿಗಳಲ್ಲೂ ಬಾಲಿಯ ಪೆಮುತೆರಾನ್‌ನಲ್ಲೂ ಉಕ್ಕಿನ ಚೌಕಟ್ಟುಗಳನ್ನು ನೀರಿಗಿಳಿಸಿ, ಅಪಾಯವಿಲ್ಲದಷ್ಟು ಕಡಿಮೆ ವಿದ್ಯುತ್ ಹಾಯಿಸಿ, ಅವುಗಳ ಮೇಲೆ ಸುಣ್ಣ ಕಟ್ಟಿಸಿ ಹವಳದ ತುಂಡುಗಳನ್ನು ಬೆಳೆಸುವ ಬಯೋರಾಕ್ ಎಂಬ ವಿಧಾನ ಬಳಕೆಯಲ್ಲಿದೆ. ತೇಲುತ್ತ ಹೋಗುವಾಗ ಈ ಚೌಕಟ್ಟುಗಳು ಕಣ್ಣಿಗೆ ಬೀಳುತ್ತವೆ. ಕೆಲವು ದೋಣಿಯವರು ಮೀನು ಸೇರಿಸಲು ಬ್ರೆಡ್ಡು ಎಸೆಯುತ್ತಾರೆ. ಬೇಡವೆಂದು ಪ್ರವಾಸಿಗರೇ ಹೇಳಬೇಕು, ಹವಳದ ಮೇಲೆ ಹಬ್ಬುವ ಪಾಚಿ ತಿಂದು ಅದನ್ನು ಉಳಿಸಬೇಕಾದ ಮೀನು ಬ್ರೆಡ್ಡಿಗೆ ಒಗ್ಗಿಕೊಂಡರೆ ಪಾಚಿ ಮೇಲುಗೈಯಾಗುತ್ತದೆ.

ನೀರಿನಿಂದ ಎದ್ದವರಿಗೆ ಹಸಿವು ಜೋರು. ಊಟಕ್ಕೆ ಹೋಗಬೇಕಾದ್ದು ವಾರುಂಗ್‌ಗೆ, ಅಂದರೆ ಮನೆಮಂದಿಯೇ ನಡೆಸುವ ಸಣ್ಣ ಊಟದಂಗಡಿಗೆ. ಗಾಜಿನ ಕಪಾಟಿನಲ್ಲಿ ಬೆಳಿಗ್ಗೆಯೇ ಮಾಡಿಟ್ಟ ಹತ್ತಾರು ಬಗೆಯ ಪಲ್ಯ, ಮೀನು, ಕೋಳಿ. ಬೇಕಾದ್ದಕ್ಕೆ ಬೆರಳು ತೋರಿಸಿದರೆ ಅನ್ನದ ಸುತ್ತ ಬಡಿಸಿಕೊಡುತ್ತಾರೆ. ಇದೇ ನಾಸಿ ಚಂಪುರ್; ಬೆಲೆ 20,000ದಿಂದ 35,000 ರುಪಿಯಾ. ಬಲಗೈಯಲ್ಲಿ ಕಲಸಿ ಉಂಡರೆ ಯಾರೂ ತಿರುಗಿ ನೋಡುವುದಿಲ್ಲ. ಮಧ್ಯಾಹ್ನದ ಮುಂಚೆ ಹೋದರೆ ಎಲ್ಲವೂ ಬಿಸಿ, ಎಲ್ಲವೂ ಇರುತ್ತದೆ.

ಬಾಲಿಯ ಊಟದ ಜೀವ ಸಂಬಲ್ ಮತಾ ಎಂಬ ಹಸಿ ಚಟ್ನಿಯಲ್ಲಿದೆ. ಸಣ್ಣ ಈರುಳ್ಳಿ, ಸೂಜಿಮೆಣಸು, ಮಜ್ಜಿಗೆಹುಲ್ಲಿನ ಬಿಳಿಯ ಬುಡ, ನಿಂಬೆಜಾತಿಯ ಒಂದು ಎಲೆ, ಇಷ್ಟನ್ನೂ ತೆಳ್ಳಗೆ ಹೆಚ್ಚಿ, ಉಪ್ಪು ಮತ್ತು ತೆರಾಸಿ ಎಂಬ, ಹುದುಗಿಸಿ ಸುಟ್ಟ ಸೀಗಡಿ ಮುದ್ದೆಯ ಜೊತೆ ಕೈಯಲ್ಲಿ ಹಿಸುಕುತ್ತಾರೆ. ಮೇಲೆ ಕಾದ ತೆಂಗಿನೆಣ್ಣೆ ಸುರಿದು ನಿಂಬೆ ಹಿಂಡುತ್ತಾರೆ. ಬೇಯಿಸುವುದಿಲ್ಲ, ರುಬ್ಬುವುದೂ ಇಲ್ಲ. ಈರುಳ್ಳಿ ಹಲ್ಲಿಗೆ ಕರುಮ್ಮೆನ್ನಬೇಕು. ತೆಂಗಿನ ಚಿಪ್ಪಿನ ಕೆಂಡದಲ್ಲಿ ಸುಟ್ಟ ಮೀನಿನ ಮೇಲೆ ಇದನ್ನು ಹರಡಿ ಕೊಡುತ್ತಾರೆ. ಆ ಮೀನು ಎಷ್ಟೋ ಸಲ ಕೆಂಬುಂಗ್. ಕರಾವಳಿ ಕನ್ನಡಿಗರಿಗೆ ಅದನ್ನು ಪರಿಚಯಿಸಬೇಕಿಲ್ಲ, ಅದು ಬಂಗುಡೆಯೇ. ಮಂಗಳೂರಿನಲ್ಲಿ ಬ್ಯಾಡಗಿ ಮೆಣಸು ಹುಣಸೆಹುಳಿಯಲ್ಲಿ ಮುಳುಗುವ ಮೀನು ಇಲ್ಲಿ ಅರಿಶಿನ, ಸುಗಂಧದ ಬೇರುಗಳು, ಮಜ್ಜಿಗೆಹುಲ್ಲುಗಳ ಜೊತೆ ಬಾಳೆಯೆಲೆಯಲ್ಲಿ ಸುತ್ತಿಸಿಕೊಂಡು ಕೆಂಡಕ್ಕೆ ಹೋಗುತ್ತದೆ. ಅರೆದ ಮೀನಿಗೆ ತೆಂಗಿನತುರಿ, ಮಸಾಲೆ ಬೆರೆಸಿ ಕಡ್ಡಿಗೆ ಮೆತ್ತಿ ಸುಡುವ ಸಾತೆ ಲಿಲಿತ್ ಕೂಡ ಈ ಕಡಲಂಚಿನದೇ ರುಚಿ.

ಲೊಂಬೊಕ್‌ನ ಸಸಾಕ್ ಜನ ಬಹುಪಾಲು ಮುಸ್ಲಿಮರು. ಬಾಲಿಯ ಹಿಂದೂಗಳಲ್ಲಿ ಸಾಮಾನ್ಯವಾದ ಹಂದಿಮಾಂಸ ಇಲ್ಲಿ ಅಪರೂಪ, ಖಾರ ಮಾತ್ರ ಇನ್ನಷ್ಟು ಏರುತ್ತದೆ. ಎಳೆಯ ಕೋಳಿಯನ್ನು ಮೆಣಸು, ಬೆಳ್ಳುಳ್ಳಿ, ತೆರಾಸಿಯ ಮಸಾಲೆ ಸವರಿ ಸುಡುವ ಆಯಾಮ್ ತಾಲಿವಾಂಗ್, ನೀರಿನಲ್ಲಿ ಬೆಳೆಯುವ ಕಂಗ್ಕುಂಗ್ ಸೊಪ್ಪನ್ನು ಬೇಯಿಸಿ ಟೊಮೆಟೊ ಸಂಬಲ್ ಸುರಿದ ಪ್ಲೆಚಿಂಗ್, ಈ ಎರಡನ್ನು ಒಟ್ಟಿಗೆ ಉಣ್ಣಬೇಕು. ಆಂಧ್ರದ ಊಟಕ್ಕೆ ಒಗ್ಗಿದವರೂ ಒಂದು ಲೋಟ ನೀರು ಹೆಚ್ಚು ಕೇಳುತ್ತಾರೆ. ತ್ರಾವಂಗನ್‌ನ ರಾತ್ರಿ ಸಂತೆಯಲ್ಲಿ ಮಂಜಿನ ಮೇಲೆ ಹರಡಿದ ಮೀನನ್ನು ಆರಿಸಿ ಸುಡಿಸಿಕೊಳ್ಳಬಹುದು. ಬೆಲೆಯನ್ನು ಮೊದಲೇ ಕೇಳಿ, ಒಂದು ದೊಡ್ಡ ಮೀನನ್ನು ನಾಲ್ವರು ಹಂಚಿಕೊಂಡರೆ ಹೊಟ್ಟೆಗೂ ಜೇಬಿಗೂ ಸರಿಹೋಗುತ್ತದೆ.

ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟವಿಲ್ಲ, ಎಚ್ಚರ ಬೇಕು. ಸೋಯಾಕಾಳನ್ನು ಹುದುಗಿಸಿ ಗಟ್ಟಿ ಹಲಗೆಯಾಗಿಸಿದ ಜಾವಾ ಮೂಲದ ತೆಂಪೆ, ತೋಫು, ಬೆಂದ ತರಕಾರಿಗೆ ಕಡಲೆಕಾಯಿ ಗೊಜ್ಜು ಸುರಿದ ಗಾಡೊ-ಗಾಡೊ, ಸೊಪ್ಪು ಕಾಳಿಗೆ ತೆಂಗಿನತುರಿ ಕಲಸಿದ ಉರಾಪ್ ಎಲ್ಲೆಲ್ಲೂ ಸಿಗುತ್ತವೆ. ಆದರೆ ತೆರಾಸಿ ಸೀಗಡಿಯದೆಂಬುದು ನೆನಪಿರಲಿ. ಸಂಬಲ್‌ನಲ್ಲೂ ತರಕಾರಿಯಲ್ಲೂ ಅದು ಕಾಣದಂತೆ ಸೇರಿರುತ್ತದೆ. 'ತನ್ಪಾ ತೆರಾಸಿ' ಎಂದು ಮೊದಲೇ ಹೇಳಿದರೆ ಬಿಟ್ಟು ಮಾಡಿಕೊಡುತ್ತಾರೆ. ನಲ್ಲಿ ನೀರು ಕುಡಿಯಲಾಗದು. ತಂಗುವ ಮನೆಗಳಲ್ಲಿ ದೊಡ್ಡ ಕ್ಯಾನಿನಿಂದ ಬಾಟಲಿ ತುಂಬಿಸಿಕೊಳ್ಳಬಹುದು. ಅಗ್ಗದ ಅರಾಕ್ ಮದ್ಯವನ್ನು ದೂರವಿಡಬೇಕು, ಬಾಲಿ ಲೊಂಬೊಕ್‌ಗಳಲ್ಲಿ ಮೆಥನಾಲ್ ಬೆರೆತ ಕಳ್ಳ ಅರಾಕ್ ಕುಡಿದು ಪ್ರವಾಸಿಗರೂ ಸ್ಥಳೀಯರೂ ಸತ್ತಿದ್ದಾರೆ.

ಲೆಕ್ಕಕ್ಕೆ ಬಂದರೆ, ಒಂದು ಭಾರತೀಯ ರೂಪಾಯಿಗೆ ಸುಮಾರು 180ರಿಂದ 190 ಇಂಡೊನೇಷ್ಯಾ ರುಪಿಯಾ. ಇಬ್ಬರ ಕೋಣೆ ಹೋಮ್‌ಸ್ಟೇಯಲ್ಲಿ 2,00,000ದಿಂದ 3,50,000, ಸ್ಕೂಟರ್ ದಿನಕ್ಕೆ 80,000ದ ಆಸುಪಾಸು, ಮೂರು ಹೊತ್ತಿನ ಊಟ 1,00,000. ಇಬ್ಬಿಬ್ಬರು ಕೋಣೆ ಮತ್ತು ಸ್ಕೂಟರ್ ಹಂಚಿಕೊಂಡರೆ, ದೋಣಿಯಿಲ್ಲದ ದಿನ ತಲೆಗೆ ಹೆಚ್ಚೆಂದರೆ ಎರಡು ಸಾವಿರ ಭಾರತೀಯ ರೂಪಾಯಿ ಆಗುತ್ತದೆ. ಸ್ಕೂಟರ್ ಓಡಿಸುವವರ ಬಳಿ ದ್ವಿಚಕ್ರಕ್ಕೂ ಅನ್ವಯಿಸುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಬೇಕು, ಇಲ್ಲವಾದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ವಿಮೆ, ಲೈಫ್ ಜಾಕೆಟ್, ಸರಿಯಾದ ಮಾಸ್ಕ್ ಈ ಮೂರರಲ್ಲಿ ಉಳಿತಾಯ ಸಲ್ಲದು. ದೊಡ್ಡ ಖರ್ಚು ವಿಮಾನದ್ದೇ. ಬೆಂಗಳೂರಿನಿಂದ ಬಾಲಿಯ ಡೆನ್ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾದ ಮೇಲೆ ನಡುವೆ ಎಲ್ಲೋ ಇಳಿದು ಕಾಯುವ ಹೊತ್ತು ಉಳಿಯುತ್ತದೆ. ಭಾರತೀಯರಿಗೆ ಬಂದಿಳಿದ ಮೇಲೆ ಸಿಗುವ 30 ದಿನದ ವೀಸಾಕ್ಕೆ 5,00,000 ರುಪಿಯಾ, 2024ರ ಫೆಬ್ರುವರಿಯಿಂದ ಬಾಲಿ ಪ್ರವಾಸಿ ಶುಲ್ಕ 1,50,000 ರುಪಿಯಾ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ, ನೀರು ತಿಳಿ. ಜುಲೈ, ಆಗಸ್ಟ್‌ನಲ್ಲಿ ಜನವೂ ಬೆಲೆಯೂ ಏರುವುದರಿಂದ ಮೇ, ಜೂನ್, ಸೆಪ್ಟೆಂಬರ್ ವಾಸಿ. ಮಳೆಗಾಲದ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅಲೆ ಎದ್ದು ದೋಣಿಗಳು ಆಗಾಗ ನಿಲ್ಲುತ್ತವೆ. ಮಾರ್ಚ್‌ನಲ್ಲಿ ಹೋಗುವವರು ನ್ಯೆಪಿಯ ದಿನಾಂಕ ನೋಡಿಕೊಳ್ಳಬೇಕು. ಶಕ ಪಂಚಾಂಗದ ಹೊಸವರ್ಷವಾದ ಇದು ಕೆಲವು ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ಆ ಒಂದು ಹಗಲು ರಾತ್ರಿ ಬಾಲಿಯ ವಿಮಾನ ನಿಲ್ದಾಣ, ಬಂದರು, ಅಂಗಡಿ ಎಲ್ಲವೂ ಮುಚ್ಚಿರುತ್ತವೆ, ತಂಗಿದ ಮನೆಯಿಂದ ಪ್ರವಾಸಿಗರೂ ಹೊರಬರುವಂತಿಲ್ಲ. ಯಾವ ತಿಂಗಳಾದರೂ ಗಿಲಿಯಿಂದ ಹಿಂದಿರುಗುವ ದೋಣಿಗೂ ಊರಿಗೆ ಮರಳುವ ವಿಮಾನಕ್ಕೂ ನಡುವೆ ಒಂದು ಪೂರ್ತಿ ದಿನ ಬಿಟ್ಟಿರಬೇಕು, ಗಾಳಿ ಎದ್ದ ದಿನ ದೋಣಿ ಹೊರಡುವುದಿಲ್ಲ.